ಉಜ್ಜುವ ಮೊದಲು ಒಮ್ಮೆ ನೋಡಿ

ಬಾಣಂತನ ಮಾಡುವ ಹಿರಿಯ ಹೆಂಗಸರಿಗೆ ಮಕ್ಕಳ ವೈದ್ಯೆಯೊಬ್ಬಳ ಬಹಿರಂಗ ಪತ್ರ

ಪ್ರೀತಿಯ ಅಜ್ಜಿಯರಿಗೆ, ಅಮ್ಮಂದಿರಿಗೆ, ಅತ್ತೆಯಂದಿರಿಗೆ, ಮನೆಮನೆಗೂ ಹೋಗಿ ಕೂಸಿಗೆ ನೀರು ಹಾಕಿ ಬರುವ ತಾಯಂದಿರಿಗೆ,



ಹೆರಿಗೆ ಈಗ ಆಸ್ಪತ್ರೆಯಲ್ಲೇ ಆಗುತ್ತದೆ, ನಿಜ. ಆದರೆ ಎರಡು ಮೂರು ದಿನ ಕಳೆದರೆ ನಾವು ಡಿಸ್‌ಚಾರ್ಜ್ ಚೀಟಿ ಬರೆದು ಕೈತೊಳೆದುಕೊಳ್ಳುತ್ತೇವೆ. ಅಲ್ಲಿಂದಾಚೆ ಮೂರು ತಿಂಗಳೋ ಐದು ತಿಂಗಳೋ ಕೂಸಿನ ಮೈ ನಿಮ್ಮ ಕೈಯಲ್ಲಿ. ಮಣೆಯ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಕಾಲಮೇಲೆ ಬೋರಲು ಹಾಕಿಕೊಂಡು, ಎಣ್ಣೆ ಹಚ್ಚಿ ನೀರೆರೆಯುವ ನಿಮಗೆ ಅದರ ಮೈಯ ಸಂದುಗೊಂದು, ಮಚ್ಚೆ, ಗುಳ್ಳೆ ಎಲ್ಲ ಗೊತ್ತು. ಸ್ಟೆತಾಸ್ಕೋಪ್ ಹಿಡಿದು ಐದು ನಿಮಿಷ ನೋಡುವ ನನಗೆ ಅಷ್ಟು ಗೊತ್ತಾಗುವುದಿಲ್ಲ. ಹಾಗಾಗಿ ಈ ಪತ್ರ ನಿಮಗೇ. ವಿಷಯ ಮೈಮೇಲಿನ ಕೂದಲಿನದು.

ಲಸಿಕೆ ಹಾಕಿಸಲು ಬಂದಾಗ ನಿಮ್ಮಲ್ಲಿ ಅನೇಕರು ಕೇಳುತ್ತೀರಿ: "ಡಾಕ್ಟ್ರೇ, ಕೂಸಿಗೆ ಬೆನ್ನು, ಭುಜ, ಹಣೆ ಎಲ್ಲಾ ಕೂದಲು. ಹಿಟ್ಟಿನ ಉಂಡೆ ಹಾಕಿ ತೀಡಬಹುದಾ?" ಹೆಣ್ಣುಮಗುವಾದರೆ ಈ ಪ್ರಶ್ನೆ ಕೇಳುವಾಗ ದನಿ ಸ್ವಲ್ಪ ತಗ್ಗುತ್ತದೆ. ಎಷ್ಟೋ ಸಲ ನನ್ನನ್ನು ಕೇಳುವ ಹೊತ್ತಿಗೆ ಉಂಡೆ ಉರುಳಿಸಿ ವಾರವಾಗಿರುತ್ತದೆ. ಬೆನ್ನಿನ ಮೇಲಿನ ಕೆಂಪು ಗೆರೆಗಳೇ ಅದನ್ನು ಹೇಳುತ್ತವೆ.

ನನ್ನ ಉತ್ತರ ಎರಡೇ ಮಾತು. ಹುಟ್ಟಿದ ಕೂಸಿನ ಮೈಯ ನವಿರು ಕೂದಲಿಗೆ ಏನೂ ಮಾಡಬೇಡಿ. ಅಂಥದೇ ಕೂದಲು ಬೆಳೆದವರ ಮೈಮೇಲೆ ಹೊಸದಾಗಿ ಕಂಡರೆ ಮಾತ್ರ ಸುಮ್ಮನಿರಬೇಡಿ. ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಇದಕ್ಕೆ ತೀರಾ ಉಲ್ಟಾ. ಕೂಸಿನ ಮೈಯನ್ನು ಚರ್ಮ ಕೆಂಪಾಗುವಷ್ಟು ತೀಡುತ್ತೇವೆ. ಹದಿನಾರರ ಹುಡುಗಿಯನ್ನು ಪಾರ್ಲರ್‌ಗೆ ಕಳಿಸಿ ವಿಷಯ ಮರೆಯುತ್ತೇವೆ.

ಮೊದಲು ಕೂಸಿನ ಮಾತು. ಬಸುರಿಗೆ ನಾಲ್ಕು ತಿಂಗಳು ತುಂಬಿ ಐದಕ್ಕೆ ಬೀಳುವ ಹೊತ್ತಿಗೆ ಹೊಟ್ಟೆಯೊಳಗಿನ ಮಗುವಿಗೆ ಕೂದಲು ಮೂಡಲು ಶುರುವಾಗುತ್ತದೆ. ಮೊದಲು ತಲೆ, ಹುಬ್ಬು, ಮೇಲ್ತುಟಿ, ಆಮೇಲೆ ಮೈಯೆಲ್ಲ. ಅಂಗೈ, ಅಂಗಾಲುಗಳಲ್ಲಿ ಮಾತ್ರ ಇಲ್ಲ. ಬಹಳ ತೆಳು, ಮೆತ್ತಗೆ, ಹೆಚ್ಚಾಗಿ ಬಣ್ಣವೂ ಇಲ್ಲದ ಈ ಕೂದಲಿಗೆ ವೈದ್ಯರು ಲಾನುಗೊ ಎನ್ನುತ್ತಾರೆ. ಅದು ಅಲ್ಲಿ ಸುಮ್ಮನೆ ಇರುವುದಲ್ಲ. ಹುಟ್ಟಿದ ಕೂಸಿನ ಮೈಮೇಲೆ ಜಿಡ್ಡುಜಿಡ್ಡಾದ ಬಿಳಿ ಲೇಪ ನೋಡಿದ್ದೀರಲ್ಲ, ಆ ಲೇಪ ಜಾರಿಹೋಗದಂತೆ ಚರ್ಮಕ್ಕೆ ಹಿಡಿದಿಡುವುದು ಈ ಕೂದಲೇ. ತಿಂಗಳುಗಟ್ಟಲೆ ನೀರಿನಲ್ಲೇ ಇರುವ ಮಗುವಿನ ಚರ್ಮ ನೆನೆದು ಹಾಳಾಗದಂತೆ ಕಾಯುವುದು ಆ ಲೇಪ.

ಏಳು ಎಂಟು ತಿಂಗಳ ಹೊತ್ತಿಗೆ ಈ ಕೂದಲು ಉದುರುತ್ತದೆ. ಉದುರಿ ಗರ್ಭದ ನೀರಿಗೇ ಬೀಳುತ್ತದೆ, ಮಗು ಆ ನೀರನ್ನು ಕುಡಿಯುತ್ತದೆ. ಹುಟ್ಟಿದ ಮೇಲೆ ಮೊದಲ ಒಂದೆರಡು ದಿನ ಕಪ್ಪು ಹಸಿರು ಬಣ್ಣದ ಅಂಟುಮಲ ಬರುತ್ತದಲ್ಲ, ನೀವು ಒರೆಸಿ ಒರೆಸಿ ಸಾಕಾಗುವ ಆ ಮಲದಲ್ಲಿ ಕೂಸು ನುಂಗಿದ ತನ್ನದೇ ಕೂದಲೂ ಸೇರಿರುತ್ತದೆ.

ದಿನ ತುಂಬಿ ಹುಟ್ಟಿದ ಮಗುವಿಗೆ ಬೆನ್ನು, ಭುಜ, ಕಿವಿಯ ಅಂಚಿನಲ್ಲಿ ಅಷ್ಟಿಷ್ಟು ಉಳಿದಿರಬಹುದು. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಮೈತುಂಬ ಇರುತ್ತದೆ, ಏಕೆಂದರೆ ಹೊಟ್ಟೆಯೊಳಗೇ ಉದುರಲು ಅದಕ್ಕೆ ಸಮಯ ಸಿಗಲಿಲ್ಲ. ಇದು ಎಷ್ಟು ನಂಬಿಕಸ್ತ ಲೆಕ್ಕ ಎಂದರೆ ನಾವು ಮಗುವಿನ ದಿನ ಎಣಿಸುವುದಕ್ಕೂ ಈ ಕೂದಲನ್ನು ಬಳಸುತ್ತೇವೆ. ಕೊನೆಯ ಮುಟ್ಟಿನ ತಾರೀಕು ನೆನಪಿಲ್ಲ, ಸ್ಕ್ಯಾನೂ ಮಾಡಿಸಿಲ್ಲ ಎನ್ನುವ ತಾಯಿಯ ಮಗು ಎಷ್ಟು ವಾರದ್ದು ಎಂದು ತಿಳಿಯಬೇಕಲ್ಲ? ಮಗುವನ್ನು ಮೆಲ್ಲಗೆ ಮಗ್ಗುಲಾಗಿಸಿ, ಬೆನ್ನಿನ ಮೇಲೆ ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ನೋಡುತ್ತೇವೆ. ತೀರಾ ಮೊದಲೇ ಹುಟ್ಟಿದ್ದಾದರೆ ಕೂದಲು ಇನ್ನೂ ಮೂಡಿರುವುದೇ ಇಲ್ಲ. ಏಳು ತಿಂಗಳ ಆಸುಪಾಸಿನದಾದರೆ ಬೆನ್ನೆಲ್ಲ ದಟ್ಟ. ಆಮೇಲೆ ತೆಳುವಾಗುತ್ತಾ ಸೊಂಟದ ಹತ್ತಿರ ಬೋಳು ಜಾಗ ಕಾಣುತ್ತದೆ. ದಿನ ತುಂಬಿದ್ದಾದರೆ ಬೆನ್ನು ಹೆಚ್ಚುಕಡಿಮೆ ಬೋಳು. ಅಂಗಾಲಿನ ಗೆರೆ, ಕಿವಿಯ ಗಡಸುತನ, ಕೈಕಾಲಿನ ಬಿಗಿ ಇವುಗಳ ಜೊತೆಗೆ ಈ ಕೂದಲಿಗೂ ಅಂಕ ಕೊಟ್ಟು ಕೂಡಿಸಿದರೆ ಎರಡು ವಾರ ಆಚೀಚೆಗೆ ದಿನ ಗೊತ್ತಾಗುತ್ತದೆ. ಅಮೆರಿಕದ ವೈದ್ಯೆ ಜೀನ್ ಬ್ಯಾಲರ್ಡ್ 1979ರಲ್ಲಿ ರೂಪಿಸಿ 1991ರಲ್ಲಿ ತಿದ್ದಿದ ಈ ಅಂಕಪಟ್ಟಿ ಇಂದಿಗೂ ನಮ್ಮ ಜಿಲ್ಲಾಸ್ಪತ್ರೆಗಳ ಕೇಸ್‌ಶೀಟುಗಳಲ್ಲಿದೆ.

ಇದನ್ನೆಲ್ಲ ಏಕೆ ಹೇಳಿದೆ ಎಂದರೆ, ಅತಿ ಹೆಚ್ಚು ಕೂದಲಿರುವ ಕೂಸು ಬಹುತೇಕ ಬೇಗ ಹುಟ್ಟಿದ ಕೂಸು. ಅದರ ಚರ್ಮ ತೀರಾ ತೆಳು, ಮೈ ಬೇಗ ತಣ್ಣಗಾಗುತ್ತದೆ, ಸೋಂಕು ಬೇಗ ತಗಲುತ್ತದೆ. ಯಾವ ಕೂಸಿಗೆ ತೀಡುವುದು ಎಲ್ಲಕ್ಕಿಂತ ಹೆಚ್ಚು ಅಪಾಯವೋ, ಆ ಕೂಸನ್ನೇ ನಾವು ಎಲ್ಲಕ್ಕಿಂತ ಹೆಚ್ಚು ತೀಡುತ್ತಿದ್ದೇವೆ. ಅದಕ್ಕೆ ಬೇಕಾದ್ದು ಹಿಟ್ಟಿನ ಉಂಡೆಯಲ್ಲ. ತಾಯಿಯ ಎದೆಗೆ ಅಪ್ಪಿ ಹಿಡಿಯುವ ಕಾಂಗರೂ ಆರೈಕೆ, ಎದೆಹಾಲು, ತೂಕದ ಮೇಲೆ ಕಣ್ಣು, ಇಷ್ಟು.

"ಈಗಲೇ ತೀಡದಿದ್ದರೆ ದೊಡ್ಡವಳಾದ ಮೇಲೆ ಉಳಿದುಬಿಡುತ್ತದೆ" ಎಂಬ ಭಯ ನಿಮಗಿದೆ. ಕೂದಲು ಹುಟ್ಟುವುದು ಚರ್ಮದೊಳಗಿನ ಬುಡದಿಂದ. ಆ ಬುಡಗಳು ಸುಮಾರು 50 ಲಕ್ಷ. ಅಷ್ಟೂ ಗರ್ಭದಲ್ಲೇ ತಯಾರಾಗಿರುತ್ತವೆ, ಹುಟ್ಟಿದ ಮೇಲೆ ಹೊಸದಾಗಿ ಒಂದೂ ಸೇರುವುದಿಲ್ಲ. ಹಿಟ್ಟು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಕೂಸಿನ ಕೂದಲು ತಾನಾಗಿ ಉದುರಿದ ಮೇಲೆ ಅದೇ ಬುಡದಿಂದ ಕಣ್ಣಿಗೆ ಅಷ್ಟಾಗಿ ಕಾಣದ ಸಣ್ಣ ರೋಮ ಬರುತ್ತದೆ. ಮೈನೆರೆಯುವ ವಯಸ್ಸಿನಲ್ಲಿ ಅದರಲ್ಲಿ ಎಷ್ಟು ದಪ್ಪಗಾಗಬೇಕು, ಎಲ್ಲೆಲ್ಲಿ ಆಗಬೇಕು ಎಂಬುದನ್ನು ತೀರ್ಮಾನಿಸುವುದು ಹಾರ್ಮೋನು ಮತ್ತು ಅಪ್ಪ ಅಮ್ಮನ ಕಡೆಯ ವಂಶ. ಹುಟ್ಟಿದಾಗ ಕೂದಲಿದ್ದ ಮಗು ದೊಡ್ಡದಾದ ಮೇಲೂ ಹಾಗೇ ಇರುತ್ತದೆ ಎಂಬುದಕ್ಕೆ ಆಧಾರವಿಲ್ಲ.

"ನಾವು ತೀಡಿದ ಮೇಲೆ ಹೋಯಿತಲ್ಲ" ಎಂದು ನೀವು ಕೇಳಬಹುದು. ತೀಡದ ಮನೆಯ ಕೂಸಿನದೂ ಹೋಗಿದೆ. ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು, ಅದು ತಾನಾಗಿ ಉದುರುತ್ತದೆ. ಹೆಸರು ಮಾತ್ರ ಹಿಟ್ಟಿಗೆ ಬರುತ್ತದೆ. ಹಿಟ್ಟು ನಿಜವಾಗಿ ಮಾಡುವುದು ಬೇರೆ: ಚರ್ಮ ತರಚುತ್ತದೆ, ಕೂದಲ ಬುಡದಲ್ಲಿ ಕೀವುಗುಳ್ಳೆ ಏಳುತ್ತದೆ, ಕುತ್ತಿಗೆಯ ಮಡಿಕೆಯಲ್ಲಿ ಉಳಿದು ಹುಳಿತು ಕೆಂಪಾಗುತ್ತದೆ.

ನಿಮ್ಮ ಎಣ್ಣೆನೀರಿನ ಮೇಲೆ ನನಗೆ ಜಗಳವಿಲ್ಲ. ಕೊಬ್ಬರಿ ಎಣ್ಣೆಯನ್ನು ಹಗುರವಾಗಿ ಸವರಿ, ಉಗುರುಬೆಚ್ಚನೆಯ ನೀರು ಹಾಕಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸುವುದು ಒಳ್ಳೆಯದೇ. ಕೂಸಿಗೂ ಸುಖ, ನಿಮಗೂ ಸಂತೋಷ. ಕಡಲೆಹಿಟ್ಟು, ಗೋಧಿಹಿಟ್ಟು, ಸೀಗೆಪುಡಿ, ಅರಿಶಿನ ಬೇಡ. ದೊಡ್ಡವರ ಹೇರ್ ರಿಮೂವರ್ ಕ್ರೀಮು, ಬ್ಲೇಡು ಖಂಡಿತ ಬೇಡ. ಇನ್ನೊಂದು ಮಾತು: ಹುಟ್ಟಿದ ಕೂಡಲೇ ಆ ಬಿಳಿ ಲೇಪವನ್ನು ಉಜ್ಜಿ ತೊಳೆಯಬೇಡಿ. ಮೊದಲ ಸ್ನಾನಕ್ಕೆ ಕನಿಷ್ಠ 24 ಗಂಟೆ ಕಾಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಹಾಗೆಂದು ಕೂಸಿನ ಮೈಮೇಲಿನ ಕೂದಲೆಲ್ಲ ನಿರಪಾಯ ಎಂದು ನಾನು ಹೇಳುತ್ತಿಲ್ಲ. ಮೂರು ಸಂದರ್ಭಗಳಲ್ಲಿ ನಿಮ್ಮ ಕಣ್ಣು ಚುರುಕಾಗಿರಲಿ.

ಒಂದು, ಸೊಂಟದ ನಡುವೆ, ಬೆನ್ನುಮೂಳೆಯ ನೇರಕ್ಕೆ ಒಂದೇ ಕಡೆ ಕುಚ್ಚು ಕಟ್ಟಿದಂತೆ ಉದ್ದ ಕೂದಲಿದ್ದರೆ. ಬೆನ್ನೆಲ್ಲ ಹರಡಿದ ನವಿರು ಕೂದಲೇ ಬೇರೆ, ಇದೇ ಬೇರೆ. ಕುಚ್ಚಿನ ಜೊತೆ ಆಳವಾದ ಗುಳಿಯೋ, ಗಂಟೋ, ಕೆಂಪು ಮಚ್ಚೆಯೋ ಇದ್ದರಂತೂ ತಡಮಾಡಬೇಡಿ. ಚರ್ಮದಡಿಯಲ್ಲಿ ಬೆನ್ನುಮೂಳೆ ಸರಿಯಾಗಿ ಕೂಡಿಲ್ಲದಿರುವುದಕ್ಕೆ, ಬೆನ್ನುಹುರಿ ಕೆಳಗೆ ಅಂಟಿಕೊಂಡಿರುವುದಕ್ಕೆ ಅದು ಗುರುತಾಗಿರಬಹುದು. ಮೊದಲ ಕೆಲವು ತಿಂಗಳು ಮೂಳೆ ಇನ್ನೂ ಎಳೆಯದಾದ್ದರಿಂದ ಬೆನ್ನಿನ ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲೇ ಒಳಗಿನದು ಕಾಣುತ್ತದೆ. ಆಮೇಲೆ ಎಂಆರ್‌ಐ ಬೇಕಾಗುತ್ತದೆ. ಗಮನಿಸದೆ ಬಿಟ್ಟರೆ ಮಗು ಬೆಳೆದಂತೆ ಕಾಲು ಸೋಲಬಹುದು, ಮೂತ್ರದ ಹಿಡಿತ ತಪ್ಪಬಹುದು. ಆ ಕುಚ್ಚನ್ನು ಕತ್ತರಿಸಿ ಕರೆತರಬೇಡಿ. ಇದ್ದ ಹಾಗೆಯೇ ತನ್ನಿ.

ಎರಡು, ಕೂದಲು ದಿನದಿಂದ ದಿನಕ್ಕೆ ಕಡಿಮೆಯಾಗುವ ಬದಲು ಹೆಚ್ಚುತ್ತಿದ್ದರೆ. ಆಗ ಮನೆಯವರಲ್ಲಿ ಯಾರಾದರೂ ತಲೆಗೂದಲು ಬೆಳೆಯಲೆಂದು ಮಿನಾಕ್ಸಿಡಿಲ್ ಹಚ್ಚುತ್ತಿದ್ದಾರಾ ಎಂದು ಕೇಳಿ. ಈಗ ನಮ್ಮ ಊರಿನ ಮೆಡಿಕಲ್ ಶಾಪುಗಳಲ್ಲೂ ಇದು ಧಾರಾಳವಾಗಿ ಸಿಗುತ್ತದೆ. ಸ್ಪೇನಿನಲ್ಲಿ 2019ರಲ್ಲಿ ಹಾಲು ಕಕ್ಕುವ ಕೂಸುಗಳಿಗೆ ಕೊಡುವ ಒಮೆಪ್ರಜೋಲ್ ಔಷಧಿಯ ಬದಲು ಮಿನಾಕ್ಸಿಡಿಲ್ ಸೇರಿಹೋಗಿ ಹಲವು ಮಕ್ಕಳ ಮುಖ ಮೈಯೆಲ್ಲ ಕೂದಲು ಬೆಳೆದಿತ್ತು. ಕೆಲವು ವರ್ಷಗಳ ನಂತರ ಅದೇ ದೇಶದ ನವಾರ್ರಾದಲ್ಲಿ ಇನ್ನೊಂದು ಕೂಸಿಗೆ ಹೀಗಾದಾಗ ಹುಡುಕಿದರೆ, ಮಗುವನ್ನು ನೋಡಿಕೊಳ್ಳುತ್ತಿದ್ದ ಅಪ್ಪ ತಲೆಗೆ ಅದನ್ನು ಹಚ್ಚುತ್ತಿದ್ದ. ಆತ ನಿಲ್ಲಿಸಿದ ಮೇಲೆ ಮಗುವಿನ ಮೈ ಮೊದಲಿನಂತಾಯಿತು. ಔಷಧಿ ಹಚ್ಚಿದ ಕೈಯನ್ನು ಸೋಪು ಹಾಕಿ ತೊಳೆಯದೆ ಕೂಸನ್ನು ಎತ್ತಿಕೊಳ್ಳಬಾರದು, ಹಚ್ಚಿದ ತಲೆಯನ್ನು ಕೂಸಿನ ಬಾಯಿಗೆ ಸಿಗುವಂತೆ ಇಡಬಾರದು.

ಮೂರು, ಆರು ತಿಂಗಳು ದಾಟಿದ ಮಗು ಸೊರಗಿ, ತೊಡೆಯ ಚರ್ಮ ಜೋಲುಬಿದ್ದು, ಬೆನ್ನು ಕೆನ್ನೆಗಳ ಮೇಲೆ ಹೊಸದಾಗಿ ನವಿರು ಕೂದಲು ಕಂಡರೆ. ಇದು ದೃಷ್ಟಿಯಲ್ಲ, ಹಸಿವು. ತೀವ್ರ ಅಪೌಷ್ಟಿಕತೆಯಲ್ಲಿ ಈ ಕೂದಲು ಮರಳಿ ಬರಬಹುದು. ಅಂಗನವಾಡಿಗೆ ಕರೆದೊಯ್ಯಿರಿ, ಅಲ್ಲಿ ಬಣ್ಣದ ಪಟ್ಟಿಯಿಂದ ತೋಳು ಅಳೆಯುತ್ತಾರೆ. ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಕ್ಕಳಿಗಾಗಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ.

ಹಸಿವಿನ ಮಾತು ಬಂತು. ಇಲ್ಲಿಂದ ನಿಮ್ಮ ದೊಡ್ಡ ಮೊಮ್ಮಗಳ ವಿಷಯಕ್ಕೆ ಬರುತ್ತೇನೆ. ಅನ್ನ ಇದ್ದೂ ಉಣ್ಣದವಳ ಮೈಮೇಲೂ ಇದೇ ಕೂದಲು ಬರುತ್ತದೆ.

ಹಬ್ಬಕ್ಕೆಂದು ಅವಳ ಕೈಗೆ ಬಳೆ ತೊಡಿಸುತ್ತೀರಿ ಎಂದುಕೊಳ್ಳಿ. ಹೋದ ವರ್ಷ ಸೋಪು ಹಚ್ಚಿ ಏರಿಸಿದ್ದ ಅಳತೆಯ ಬಳೆ ಈ ವರ್ಷ ಮೊಣಕೈತನಕ ಸರಾಗ ಜಾರುತ್ತದೆ. ಹಿಡಿದ ಕೈ ತಣ್ಣಗೆ. ಬೇಸಿಗೆಯಲ್ಲೂ ಬೆರಳ ತುದಿ ನೀಲಿಗಟ್ಟಿದಂತಿದೆ. ಮುಂಗೈ ಮೇಲೆ, ಕೆನ್ನೆಯ ಪಕ್ಕದಲ್ಲಿ, ಬೆನ್ನಿನಲ್ಲಿ ಮೊದಲಿಲ್ಲದ ತೆಳು ಕೂದಲು ಒತ್ತಾಗಿ ಬಂದಿದೆ. ತಲೆಗೂದಲು ಮಾತ್ರ ಬಾಚಣಿಗೆ ತುಂಬ ಉದುರುತ್ತಿದೆ. ಮುಟ್ಟು ನಿಂತು ಕೆಲವು ತಿಂಗಳಾಗಿದೆ. ಕೇಳಿದರೆ "ಹಾಸ್ಟೆಲ್‌ನಲ್ಲಿ ತಿಂದೆ", "ಫ್ರೆಂಡ್ ಮನೇಲಿ ಊಟ ಆಯ್ತು" ಎನ್ನುತ್ತಾಳೆ. ತಟ್ಟೆಯಲ್ಲಿ ಅನ್ನ ಕಲಸುತ್ತಾ ಕೂರುತ್ತಾಳೆ, ತುತ್ತು ಬಾಯಿಗೆ ಹೋಗುವುದಿಲ್ಲ. ಮೈಯಲ್ಲಿ ಎಲುಬು ಕಾಣುತ್ತಿದ್ದರೂ ಕನ್ನಡಿ ಮುಂದೆ ನಿಂತು ತಾನಿನ್ನೂ ದಪ್ಪ ಎನ್ನುತ್ತಾಳೆ.

ಇದು ಅನೊರೆಕ್ಸಿಯಾ ನರ್ವೋಸಾ ಎಂಬ ಕಾಯಿಲೆ. ದೇಹದ ಕೊಬ್ಬು ಕರಗಿ ಮೈ ಬಿಸಿ ಉಳಿಸಿಕೊಳ್ಳಲಾಗದೆ ಹೋದಾಗ, ಚಳಿ ತಡೆಯಲು ದೇಹ ಈ ಕೂದಲನ್ನು ಬೆಳೆಸಿಕೊಳ್ಳುತ್ತದೆ ಎಂಬುದು ವೈದ್ಯರ ಊಹೆ. ಹೊಟ್ಟೆಗೆ ಸರಿಯಾಗಿ ಬಿದ್ದು ತೂಕ ಮರಳಿದರೆ ಕೂದಲೂ ಹೋಗುತ್ತದೆ. ಇದು ಮೊಬೈಲ್ ಕಾಲದ ಹುಡುಗಿಯರ ಚಟ ಎಂದು ತಳ್ಳಿಹಾಕಬೇಡಿ. 1873ರಲ್ಲೇ ಲಂಡನ್ನಿನಲ್ಲಿ ವಿಲಿಯಂ ಗಲ್, ಪ್ಯಾರಿಸ್ಸಿನಲ್ಲಿ ಷಾರ್ಲ್ ಲಾಸೆಗ್ ಎಂಬ ವೈದ್ಯರು ಬೇರೆಬೇರೆಯಾಗಿ ಇದನ್ನು ವಿವರಿಸಿದ್ದರು. ಆಗ ಮೊಬೈಲೂ ಇರಲಿಲ್ಲ, ಜೀರೋ ಸೈಜೂ ಇರಲಿಲ್ಲ. ಹುಡುಗರಿಗೂ ಇದು ಬರುತ್ತದೆ. ಮನಸ್ಸಿನ ಕಾಯಿಲೆಗಳಲ್ಲಿ ಪ್ರಾಣಕ್ಕೆ ಹೆಚ್ಚು ಎರವಾಗುವವುಗಳಲ್ಲಿ ಇದೂ ಒಂದು.

ನಮ್ಮ ಮನೆಗಳಲ್ಲಿ ಇದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅಡಗಲು ಜಾಗಗಳು ಬೇಕಾದಷ್ಟಿವೆ. ಸೋಮವಾರ ಒಪ್ಪತ್ತು, ಶನಿವಾರ ಉಪವಾಸ, ಸಂಕಷ್ಟಿ, ಏಕಾದಶಿ. ಜೊತೆಗೆ ಡಯಟ್, ಪರೀಕ್ಷೆಯ ಟೆನ್ಷನ್. ಅದರ ಮೇಲೆ ನಾವೇ ಮದುವೆ ಮನೆಯಲ್ಲಿ "ಸಣ್ಣಗಾಗಿದೀಯಲ್ಲೇ, ಈಗ ಲಕ್ಷಣವಾಗಿ ಕಾಣ್ತೀಯ" ಎಂದು ಹೊಗಳುತ್ತೇವೆ. ಕಾಯಿಲೆ ಬಿದ್ದವಳ ಕಿವಿಗೆ ಅದು ಬಹುಮಾನ.

ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ಮುಟ್ಟು ನಿಂತಿದೆ, ಮೈಮೇಲೆ ಕೂದಲು ಬಂದಿದೆ ಎಂದರೆ ಈಗ ಎಲ್ಲರೂ "ಪಿಸಿಒಡಿ ಇರಬೇಕು, ತೂಕ ಇಳಿಸು" ಎಂದುಬಿಡುತ್ತಾರೆ. ಪಿಸಿಒಡಿಯ ಕೂದಲು ದಪ್ಪ, ಕಪ್ಪು, ಒರಟು. ಮೇಲ್ತುಟಿ, ಗಲ್ಲ, ಎದೆ, ಹೊಕ್ಕುಳ ಕೆಳಗೆ, ಗಂಡಸರಿಗೆ ಬರುವ ಜಾಗಗಳಲ್ಲಿ ಬರುತ್ತದೆ. ಜೊತೆಗೆ ಮೊಡವೆ, ಹೆಚ್ಚಿನವರಲ್ಲಿ ತೂಕವೂ ಏರಿರುತ್ತದೆ. ಹಸಿವಿನ ಕೂದಲು ತೆಳು, ಮೆತ್ತಗೆ. ಬೆನ್ನು, ತೋಳು, ಕೆನ್ನೆ, ಹೊಟ್ಟೆಯ ಮೇಲೆ ಹರಡಿರುತ್ತದೆ. ಜೊತೆಗೆ ಸೊರಗಿದ ಮೈ, ತಣ್ಣನೆ ಕೈ. ಉಪವಾಸದಿಂದಲೇ ಕಾಯಿಲೆ ಬಿದ್ದವಳಿಗೆ ತೂಕ ಇಳಿಸು ಎಂದು ಬುದ್ಧಿ ಹೇಳಿದರೆ ಗತಿ ಏನು?

ಹಾಗಾದರೆ ಏನು ಮಾಡಬೇಕು? ಮೊದಲನೆಯದು, ಕೂದಲು ತೆಗೆಸಲು ಪಾರ್ಲರ್‌ಗೆ ಕಳಿಸುವ ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ. ಬೈಯಬೇಡಿ, ನಾಲ್ಕು ಜನರ ಎದುರು ತಟ್ಟೆ ತೋರಿಸಿ ಅವಮಾನ ಮಾಡಬೇಡಿ. ಎರಡನೆಯದು, ಗಾಬರಿಯಿಂದ ಒಂದೇ ಸಲಕ್ಕೆ ತುಪ್ಪ, ಹೋಳಿಗೆ, ಹಾಲು ಎಂದು ತುರುಕಬೇಡಿ. ಬಹಳ ದಿನ ಹಸಿದ ದೇಹಕ್ಕೆ ಏಕಾಏಕಿ ಊಟ ಬಿದ್ದರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂನಂಥ ಲವಣಗಳು ಕುಸಿದು ಹೃದಯಕ್ಕೇ ಅಪಾಯವಾಗಬಹುದು. ಎಷ್ಟು, ಹೇಗೆ ಶುರುಮಾಡಬೇಕು ಎಂಬುದನ್ನು ವೈದ್ಯರು ರಕ್ತ, ಇಸಿಜಿ ನೋಡಿ ಹೇಳುತ್ತಾರೆ. ಮೂರನೆಯದು, ತಲೆಸುತ್ತಿ ಬಿದ್ದರೆ, ಕೂತಾಗ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ದರೆ, ಪಾದ ಊದಿದ್ದರೆ ಅವತ್ತೇ ಆಸ್ಪತ್ರೆಗೆ ಸೇರಿಸಿ. ಮನೋವೈದ್ಯರ ಬಳಿ ಹೋಗಲು ಮನೆಯವರು ಹಿಂಜರಿದರೆ ಮೊದಲು ಫೋನಿನಲ್ಲಾದರೂ ಕೇಳಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ದೇಶಕ್ಕೆಲ್ಲ ಇದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ಕೊನೆಗೆ ನಿಮ್ಮದೇ ಮೈಯ ಮಾತು. ಊರಿನ ಕೂಸುಗಳನ್ನೆಲ್ಲ ನೋಡುವ ನೀವು ನಿಮ್ಮನ್ನು ನೋಡಿಕೊಳ್ಳುವುದು ಕಡಿಮೆ. ಮುಟ್ಟು ನಿಂತ ಮೇಲೆ ಗಲ್ಲದಲ್ಲಿ ನಾಲ್ಕಾರು ಒರಟು ಕೂದಲು ಬರುವುದು ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ. ಆದರೆ ಕೆಲವೇ ವಾರಗಳಲ್ಲಿ ಹಣೆ, ಕೆನ್ನೆ, ಕಿವಿ, ಮೂಗಿನ ಮೇಲೆಲ್ಲ ಕೂಸಿನಂಥ ಬಿಳಿ ನವಿರು ಕೂದಲು ಒತ್ತಾಗಿ ಬೆಳೆದರೆ, ಜೊತೆಗೆ ನಾಲಿಗೆ ಕೆಂಪಾಗಿ ಉರಿದರೆ, ವಯಸ್ಸಾಯಿತು ಎಂದು ಸುಮ್ಮನಾಗಬೇಡಿ. ಮೂರ್ಛೆರೋಗದ ಫೆನಿಟಾಯಿನ್, ಕಿಡ್ನಿ ಕಸಿಯಾದವರು ನುಂಗುವ ಸೈಕ್ಲೋಸ್ಪೋರಿನ್‌ನಂಥ ಮಾತ್ರೆಗಳಿಂದಲೂ ಮೈಮೇಲೆ ಕೂದಲು ಹೆಚ್ಚಬಹುದು. ನೀವು ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತೋರಿಸಿ. ಅಂಥ ಕಾರಣ ಸಿಗದಿದ್ದರೆ ಶ್ವಾಸಕೋಶ, ಕರುಳು, ಸ್ತನಗಳ ಪರೀಕ್ಷೆ ಆಗಲೇಬೇಕು. ಬಹಳ ಅಪರೂಪ, ಆದರೆ ಒಳಗಿನ ಕ್ಯಾನ್ಸರ್ ಕೆಲವೊಮ್ಮೆ ಬೇರೆ ಯಾವ ಲಕ್ಷಣವೂ ಇಲ್ಲದೆ ಮೊದಲು ಹೀಗೆ ಮುಖದ ಕೂದಲಾಗಿ ತೋರಿಕೊಂಡದ್ದುಂಟು.

ನಿಮ್ಮ ಕೈಗೆ ಅನುಭವವಿದೆ, ಕಣ್ಣಿಗೂ ಇದೆ. ನಾನು ಕೇಳುವುದು ಇಷ್ಟೇ: ಈ ವಿಷಯದಲ್ಲಿ ಕೈಗಿಂತ ಕಣ್ಣಿಗೆ ಹೆಚ್ಚು ಕೆಲಸ ಕೊಡಿ. ಕೂಸಿನ ನವಿರು ಕೂದಲನ್ನು ಅದರ ಪಾಡಿಗೆ ಬಿಡಿ. ಸೊಂಟದ ಕುಚ್ಚು, ಹೆಚ್ಚುತ್ತಲೇ ಇರುವ ಕೂದಲು, ಸೊರಗಿದ ಮಗುವಿನ ಬೆನ್ನು, ಮೊಮ್ಮಗಳ ತಣ್ಣನೆ ಕೈ, ನಿಮ್ಮದೇ ಮುಖ, ಇವುಗಳಲ್ಲಿ ಬದಲಾವಣೆ ಕಂಡ ದಿನವೇ ಬಂದು ಹೇಳಿ. ನೀವು ಹೇಳಿದರೆ ನಾವು ಹುಡುಕುತ್ತೇವೆ. ಡಬ್ಬದಲ್ಲಿರುವ ಕಡಲೆಹಿಟ್ಟು ಬೋಂಡಾಕ್ಕಿರಲಿ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಮಕ್ಕಳ ವೈದ್ಯೆ